ಬಳ್ಳಾರಿಯಲ್ಲಿ ಗಾಡಿ ಬಿಟ್ಟೆವು

ನಮ್ಮ ಮನೆಯ ಮುಂಬಾಗಿಲ ಹಿಂದೆ ಒಂದು ಕೋಲು ನಿಂತಿದೆ. ಜಾಲಿ ಮರದ್ದು. ಸೊಂಟದೆತ್ತರಕ್ಕೆ ಒಂದು ಗೇಣು ಕಡಿಮೆ. ಮೇಲುತುದಿ ಕವಲೊಡೆದಿದೆ, ಕೆಳತುದಿ ನೆಲಕ್ಕೆ ಊರಿ ಊರಿ ಎತ್ತಿನ ಗೊರಸಿನಂತೆ ಅಗಲವಾಗಿದೆ. ಮನೆಗೆಲಸಕ್ಕೆ ಬರುವ ಸಾಕಮ್ಮ ಗುಡಿಸುವಾಗ ಅದನ್ನು ಎತ್ತಿ ಆಚೆ ಇಟ್ಟು, ಮತ್ತೆ ಒಳಗೆ ತರುವಾಗ ಒಂದು ಮಾತು ಹೇಳಿಯೇ ತೀರುತ್ತಾಳೆ.

“ಇದ್ಯಾಕ್ ಸಾ ಇನ್ನೂ ಮಡೀಕಂಡಿದ್ದೀರಿ? ನಾಯಿ ಓಡ್ಸಕ್ಕೂ ಬಾರ, ಊರ್ಕಂಡ್ ನಡೆಯಕ್ಕೂ ಬಾರ. ಕೊಡಿ, ನೀರೊಲೆಗೆ ಆಕ್ಬುಡ್ತೀನಿ.”

“ಅದು ನಮ್ಮಕ್ಕಂದು.”

“ನಿಮ್ಮಕ್ಕನ್ ಮನೇಲಿ ಒಲೆ ಇಲ್ವಾ?”

ಇದಕ್ಕೆ ನನ್ನ ಹತ್ತಿರ ಒಂದು ಸಾಲಿನ ಉತ್ತರವಿಲ್ಲ. ನಾಚಿಕೆಯ ವಿಷಯ. ಹಾಸನದ ಒಂದು ದಿನಪತ್ರಿಕೆಯ ಸುದ್ದಿಮೇಜಿನಲ್ಲಿ ಮೂವತ್ತೆರಡು ವರ್ಷ ಕುಳಿತು ಬೇರೆಯವರ ವಾಕ್ಯಗಳನ್ನು ಕತ್ತರಿಸಿದವನು ನಾನು. ಯಾರು, ಎಲ್ಲಿ, ಯಾವಾಗ ಎಂಬುದು ಮೊದಲ ಪ್ಯಾರಾದಲ್ಲೇ ಬರಬೇಕು, ಕಣ್ಣೀರಿದ್ದರೆ ಕೊನೆಯಲ್ಲಿ ಬರಲಿ, ಜಾಗ ಸಾಲದಿದ್ದರೆ ತೆಗೆಯಬಹುದು ಎಂದು ಹೊಸಬರಿಗೆ ಹೇಳಿಕೊಟ್ಟವನು. ಈಗ ನಿವೃತ್ತನಾಗಿ ಒಂದು ಕೋಲಿನ ವಿಷಯ ಹೇಳಲು ಹೊರಟರೆ ಮೊದಲ ಪ್ಯಾರಾ ಯಾವುದೆಂದೇ ತಿಳಿಯುತ್ತಿಲ್ಲ. ನೀವು ಸಾವಕಾಶವಾಗಿ ಓದುವವರಾದರೆ ಚಿಂತೆಯಿಲ್ಲ. ಈ ಬರಹದ ವೇಗ ಗಂಟೆಗೆ ಮೂವತ್ತೈದು ಕಿಲೋಮೀಟರು.

ಕೋಲು ನಮ್ಮಪ್ಪನ ಎತ್ತಿನ ಗಾಡಿಯದು. ಎತ್ತುಗಳನ್ನು ಬಿಚ್ಚಿದ ಮೇಲೆ ಗಾಡಿಯ ಮುಂಭಾಗ ನೆಲಕ್ಕೆ ಬಗ್ಗದಂತೆ ಕೆಳಗಿನಿಂದ ಕೊಡುವ ಊರುಗೋಲು. ಹಳ್ಳಿಮೈಸೂರಿನ ಪಕ್ಕದ ನಮ್ಮ ಊರಿನಿಂದ ಚನ್ನರಾಯಪಟ್ಟಣದ ಆಚೆಗಿದ್ದ ಅತ್ತೆಯ ಮನೆಗೆ ಅಪ್ಪ ವರ್ಷಕ್ಕೆರಡು ಸಲ ಗಾಡಿ ಕಟ್ಟುತ್ತಿದ್ದ. ಎರಡು ದಿನದ ದಾರಿ. ಅಕ್ಕ ನಿಂಗಮ್ಮ ಮತ್ತು ತಂಗಿ ತಾಯಮ್ಮ ಗಾಡಿಯ ಹಿಂಬದಿಗೆ ಕಾಲು ಇಳಿಬಿಟ್ಟು ಕೂರುತ್ತಿದ್ದರು. ಬೀಳುತ್ತೇನೆಂಬ ಭಯಕ್ಕೆ ನಾನು ಒಳಗೆ ಹುಲ್ಲಿನ ಮೇಲೆ. ಹಿಂದಕ್ಕೆ ಮುಖ ಮಾಡಿ ಕೂತವರಿಗೆ ಬರುವ ಊರು ಕಾಣುವುದಿಲ್ಲ, ಬಿಟ್ಟುಬಂದ ಊರು ಮಾತ್ರ ಬಹಳ ಹೊತ್ತು ಕಾಣುತ್ತಿರುತ್ತದೆ. ಅವರಿಬ್ಬರೂ ಬಾಳಿಡೀ ಹಾಗೇ ಕೂತಿದ್ದರೇನೋ ಎಂದು ನನಗೆ ಈಚೆಗೆ ಅನ್ನಿಸುತ್ತದೆ.

ಅಪ್ಪನಿಗೆ ಗಡಿಯಾರವಿರಲಿಲ್ಲ. ದಿನಕ್ಕೆ ಎಷ್ಟು ದೂರ ಹೋಗಬೇಕೆಂಬುದಕ್ಕೆ ಅವನ ಬಳಿ ಇದ್ದದ್ದು ಒಂದೇ ಸೂತ್ರ.

“ದಣಿದ್ ಮ್ಯಾಲೆ ಬುಟ್ರೆ ಎತ್ತು ನಾಳೀಕ್ ಬರಾಕಿಲ್ಲ ಕಣ್ಲಾ. ದಣಿಯಕ್ ಮುಂಚೆ ಬುಡ್ಬೇಕು. ಆಗ ನಾಳೀಕೆ ಅದೇ ಬಂದು ನೊಗುಕ್ ಕತ್ತು ಕೊಡ್ತದೆ.”

ಇಲ್ಲಿ ‘ಬುಡೋದು’ ಎಂಬ ಮಾತನ್ನು ಗಮನಿಸಿ. ನಮ್ಮ ಕಡೆ ಗಾಡಿ ಕಟ್ಟುವುದೆಂದರೆ ಹೊರಡುವುದು. ಗಾಡಿ ಬಿಡುವುದೆಂದರೆ ನೊಗ ಇಳಿಸಿ, ಎತ್ತಿಗೆ ನೀರು ತೋರಿಸಿ, ಆ ದಿನದ ಪ್ರಯಾಣ ಮುಗಿಸುವುದು. ಅಪ್ಪ ಊರುಗಳ ಹೆಸರು ಹೇಳುತ್ತಿದ್ದುದೇ ಕಡಿಮೆ. ‘ಆಲದ ಮರದಲ್ಲಿ ಬುಟ್ವಿ’, ‘ಮೆಟ್ಟಿಲು ಬಾವೀಲಿ ಬುಟ್ವಿ’ ಎನ್ನುತ್ತಿದ್ದ. ಆಮೇಲೆ ಮೋಟಾರು ಬಂತು. ಬಸ್ಸು ಬಿಟ್ಟಿತು ಎಂದರೆ ಹೊರಟಿತು ಎಂದಾಯಿತು. ಒಂದೇ ಮಾತು, ಎತ್ತಿಗೆ ಕಟ್ಟಿದರೆ ನಿಲ್ಲುತ್ತದೆ, ಎಂಜಿನ್ನಿಗೆ ಕಟ್ಟಿದರೆ ಓಡುತ್ತದೆ.

ಈ ಕ್ರಿಯಾಪದ ನನ್ನನ್ನು ಕಚೇರಿಯಲ್ಲೂ ಕಾಡಿದೆ. ಅರಕಲಗೂಡಿನ ಕಡೆಯಿಂದ ಸುದ್ದಿ ಕಳಿಸುತ್ತಿದ್ದವರೊಬ್ಬರು ಒಮ್ಮೆ ‘ಗ್ರಾಮಸ್ಥರು ಆನೆಯನ್ನು ಬಿಟ್ಟರು’ ಎಂದು ಬರೆದಿದ್ದರು. ಫೋನ್ ಮಾಡಿ ಕೇಳಿದೆ, “ಹಿಡಿದಿದ್ದರೆ ತಾನೇ ಬಿಡೋದು? ಹಿಡಿದಿದ್ದರಾ?”

“ಇಲ್ಲ ಸಾ, ಓಡುಸ್ತಿದ್ರು.”

“ಮತ್ತೆ?”

“ಸುಸ್ತಾಯ್ತು ಸಾ. ಬುಟ್ರು.”

‘ಆನೆಯನ್ನು ಹಿಮ್ಮೆಟ್ಟಿಸುವ ಯತ್ನವನ್ನು ಕೈಬಿಟ್ಟರು’ ಎಂದು ತಿದ್ದಿದೆ. ತಿದ್ದಿದ ಮೇಲೆ ನೋಡಿದರೆ ಅಲ್ಲೂ ‘ಬಿಟ್ಟರು’ ನನ್ನನ್ನು ಬಿಟ್ಟಿರಲಿಲ್ಲ. ಆ ದಿನದಿಂದ ಈ ಮಾತು ಬಂದ ಕಡೆಯೆಲ್ಲ ಒಂದು ಕ್ಷಣ ಪೆನ್ನು ನಿಲ್ಲಿಸುವುದು ನನ್ನ ಅಭ್ಯಾಸವಾಯಿತು. ಈ ಅಭ್ಯಾಸ ಒಂದೇ ಒಂದು ಸಲ ಕೈಕೊಟ್ಟಿತು. ಅದನ್ನೇ ಹೇಳಬೇಕಿರುವುದು.

ಅಕ್ಕನಿಗೂ ಮೋಟಾರಿಗೂ ಆಗಿಬರುವುದಿಲ್ಲ. ಗಾಡಿಯಲ್ಲಿ ಎರಡು ದಿನ ಕುಲುಕಿದರೂ ಹಾಡು ಹೇಳಿಕೊಂಡು ಕೂರುತ್ತಿದ್ದವಳು ಬಸ್ಸಿನ ಮೆಟ್ಟಿಲು ಹತ್ತಿದ ಕೂಡಲೇ ಬಿಳಿಚಿಕೊಳ್ಳುತ್ತಿದ್ದಳು. ಮೂಗಿನ ಹತ್ತಿರ ನಿಂಬೆಹಣ್ಣು, ಸೊಂಟಕ್ಕೆ ಸಿಕ್ಕಿಸಿದ ಚೀಲ, ಕಿಟಕಿಯ ಸೀಟು. ಏನು ಮಾಡಿದರೂ ಹಳ್ಳಿಮೈಸೂರಿನಿಂದ ಹೊಳೆನರಸೀಪುರಕ್ಕೆ ಒಂದು ಸಲ, ಅಲ್ಲಿಂದ ಹಾಸನಕ್ಕೆ ಎರಡು ಸಲ. ಪಕ್ಕದಲ್ಲಿ ಕೂತು ಬೆನ್ನು ನೀವುತ್ತಿದ್ದವಳು ತಾಯಿ. ತಾಯಮ್ಮನನ್ನು ಮನೆಯಲ್ಲಿ ನಾವು ಕರೆಯುತ್ತಿದ್ದುದು ಹಾಗೆ. ಅಕ್ಕನಿಗಿಂತ ಹತ್ತು ವರ್ಷ ಚಿಕ್ಕವಳು, ಆದರೆ ಬಸ್ಸಿನಲ್ಲಿ ಅವಳೇ ದೊಡ್ಡವಳು.

ಅಕ್ಕ ಮದುವೆಯಾಗಿ ಹೋದದ್ದು ಹೊಳೆನರಸೀಪುರಕ್ಕೆ. ಭಾವ ಪುಟ್ಟಸ್ವಾಮಿಗೆ ಅಲ್ಲಿ ವೆಲ್ಡಿಂಗ್ ಶಾಪು. ಟ್ರ್ಯಾಕ್ಟರ್ ಟ್ರೇಲರು ಮಾಡುವುದರಲ್ಲಿ ಹೆಸರುವಾಸಿ. ಹೊಸ ಹೆಂಡತಿಯನ್ನು ಜೀಪಿನಲ್ಲಿ ಕರೆದುಕೊಂಡು ಹೋದ ಮೊದಲ ದಿನವೇ ಅವರ ಹೊಸ ಪ್ಯಾಂಟು ಹಾಳಾಯಿತು. “ನಿಮ್ಮಪ್ಪ ಧಾರೆ ಎರೆದದ್ದು ಒಂದ್ಸಲ. ನಿಮ್ಮಕ್ಕ ಎರೆದದ್ದು ನೂರ್ ಸಲ” ಎಂದು ಇವತ್ತಿಗೂ ಹೇಳುತ್ತಾರೆ.

ತಾಯಿಗೆ ಮಾತ್ರ ದೂರದ ಸಂಬಂಧ ಬಂತು. ಹುಡುಗ ಚನ್ನರಾಯಪಟ್ಟಣದ ಕಡೆಯವನೇ. ಆದರೆ ಕಾಲುವೆ ನೀರಿನ ಗದ್ದೆ ಸಿಗುತ್ತದೆಂದು ಅವರ ಮನೆಯವರು ಸಿಂಧನೂರಿನ ಹತ್ತಿರ ಹೋಗಿ ನೆಲೆಸಿದ್ದರು. ಗಂಡನ ಮನೆಗೆ ಹೊರಟ ದಿನ ಬಸ್ ನಿಲ್ದಾಣದಲ್ಲಿ ಅಕ್ಕ ಅವಳ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕುತ್ತಿದ್ದಳು.

“ಒಂದ್ಸಲ ಬಂದು ನಮ್ಮನೆ ನೀರ್ ಕುಡ್ಕಂಡ್ ಓಗು ಅಕ್ಕಯ್ಯ.”

“ಬತ್ತೀನಿ ಕಣವ್ವ. ಬರ್ದೆ ಎಲ್ಲೋಗ್ಲಿ?”

ನಲವತ್ತು ವರ್ಷವಾಯಿತು. ಅಕ್ಕ ಹೋಗಲಿಲ್ಲ. ನಾನೂರು ಕಿಲೋಮೀಟರಿಗೆ ಒಂದಿಷ್ಟೇ ಕಡಿಮೆಯ ದಾರಿ; ಹಾಸನಕ್ಕೆ ಎರಡು ಸಲವಾದರೆ ಅಲ್ಲಿಗೆ ಎಷ್ಟು ಸಲ ಎಂಬ ಲೆಕ್ಕಕ್ಕೇ ಅವಳ ಮುಖ ಸಪ್ಪೆಯಾಗುತ್ತಿತ್ತು. ತಾಯಿಯೇ ಬಂದು ಹೋಗುತ್ತಿದ್ದಳು. ಪ್ರತಿ ಸಲ ಹೊರಡುವಾಗ, “ನಮ್ಮನೆ ನೀರು ಇನ್ನೂ ಅಂಗೇ ಅದೆ” ಎನ್ನುತ್ತಿದ್ದಳು. ಆಮೇಲೆ ಅಂಗಳದಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ನಾಲ್ಕು ಕಾಲಿನ ಉಕ್ಕಿನ ಸ್ಟ್ಯಾಂಡು ಹಿಡಿದು ಮನೆಯೊಳಗೆ ನಡೆಯುವಷ್ಟಾದಳು. ಬಸ್ಸು ಹತ್ತುವುದು ಮುಗಿಯಿತು. ಒಬ್ಬಳಿಗೆ ಹತ್ತಲಾಗದು, ಇನ್ನೊಬ್ಬಳಿಗೆ ಕೂರಲಾಗದು. ಇನ್ನು ಇವರಿಬ್ಬರೂ ಒಬ್ಬರನ್ನೊಬ್ಬರು ಮುಟ್ಟುವುದು ಹೇಗೆ ಎಂಬುದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆಯಾಯಿತು.

ಉತ್ತರ ಬಂದದ್ದು ದೊಡ್ಡಗದ್ದವಳ್ಳಿಯ ದೇವಸ್ಥಾನ ನೋಡಿಕೊಂಡು ಬಂದ ಒಂದು ವಿದೇಶಿ ದಂಪತಿಯಿಂದ. ಅವರು ಕಾರಿನ ಹಿಂದೆ ಒಂದು ಪುಟ್ಟ ಮನೆಯನ್ನೇ ಎಳೆದುಕೊಂಡು ಊರೂರು ತಿರುಗುತ್ತಿದ್ದರು. ಕೊಂಡಿ ಬಿರುಕು ಬಿಟ್ಟಿತ್ತು. ಯಾರೋ ಭಾವನ ಶಾಪಿಗೆ ದಾರಿ ತೋರಿಸಿದ್ದರು. ಭಾವ ವೆಲ್ಡಿಂಗ್ ಮಾಡಿದ್ದು ಹತ್ತು ನಿಮಿಷ, ಅದರ ಕೆಳಗೆ ತೂರಿಕೊಂಡು ಗೇಣು ಹಾಕಿ ಅಳತೆ ತೆಗೆದದ್ದು ಒಂದು ಗಂಟೆ. ಶಾಪು ಮುಚ್ಚಿದ ವರ್ಷ, ಟ್ರೇಲರಿನ ಹಳೆಯ ಅಚ್ಚಿನ ಮೇಲೆ ತಗಡಿನ ಗೋಡೆ, ಎರಡು ಕಿಟಕಿ, ಮಂಚ, ಗ್ಯಾಸ್ ಒಲೆ ಕೂರಿಸಿ ತಮ್ಮದೇ ಒಂದನ್ನು ಕಟ್ಟಿದರು. ಕಾಗದಪತ್ರ ಮಾಡಿಸಲು ಕಟ್ಟುವುದಕ್ಕಿಂತ ಹೆಚ್ಚು ದಿನ ಹಿಡಿಯಿತು. ಬೀದಿಯವರು ಅದಕ್ಕೆ ಇಟ್ಟ ಹೆಸರು ಕೋಳಿಗೂಡು.

ಅದನ್ನು ಜೀಪಿಗೆ ಕಟ್ಟಿ ಮೊದಲ ಸಲ ಅರಕಲಗೂಡಿಗೆ ಹೋದಾಗ ನಾನೂ ಇದ್ದೆ. ಅಕ್ಕ ಮುಂದಿನ ಸೀಟಿನಲ್ಲಿ, ಕೈಯಲ್ಲಿ ನಿಂಬೆಹಣ್ಣು. ಅರಕಲಗೂಡು ಬಂತು. ನಿಂಬೆಹಣ್ಣು ಹಾಗೇ ಇತ್ತು. ಅಕ್ಕ ಇಳಿದು ಸುತ್ತ ನೋಡಿ, ಮರೆತದ್ದನ್ನು ನೆನಪಿಸಿಕೊಳ್ಳುವವಳ ಹಾಗೆ ಹೊಟ್ಟೆ ಮುಟ್ಟಿಕೊಂಡಳು.

“ಏನೂ ಆಗ್ನಿಲ್ವಲ್ಲೋ.”

ಕಾರಣ ಗೊತ್ತಾಗಲು ಎರಡನೆಯ ಪ್ರಯಾಣ ಬೇಕಾಯಿತು. ಟ್ರೇಲರನ್ನು ಮನೆಯಲ್ಲೇ ಬಿಟ್ಟು ಬರೀ ಜೀಪಿನಲ್ಲಿ ಕೊರವಂಗಲಕ್ಕೆ ಹೊರಟೆವು. ಹಾಸನ ತಲುಪುವಷ್ಟರಲ್ಲಿ ಎರಡು ಸಲ ನಿಲ್ಲಿಸಬೇಕಾಯಿತು. ಅಂದರೆ ಔಷಧ ಹಿಂದೆ ಇತ್ತು. ಅಷ್ಟು ಭಾರ ಎಳೆಯುವಾಗ ಭಾವ ಮೂವತ್ತೈದರ ಮೇಲೆ ಹೋಗುವಂತಿಲ್ಲ, ಗಕ್ಕನೆ ಬ್ರೇಕು ಹಾಕುವಂತಿಲ್ಲ, ತಿರುವಿನಲ್ಲಿ ಯಾರನ್ನೂ ಹಿಂದೆ ಹಾಕುವಂತಿಲ್ಲ.

“ನಲವತ್ತೈದ್ ವರ್ಷದಿಂದ ನಾನು ಮೆಲ್ಲುಗ್ ಓಡ್ಸಿ ಅಂತ ಬಡ್ಕಂಡೆ. ಕೇಳಿದ್ರಾ?” ಎಂದಳು ಅಕ್ಕ. “ಈಗ ಕುಂಡಿಗೊಂದು ಮನೆ ಕಟ್ಟಿದ್ ಮ್ಯಾಲೆ ಮನುಷ್ಯರಂಗ್ ಓಡುಸ್ತಾವ್ರೆ.”

“ನೀನೊಬ್ಳು ಕಟ್ಕಂಡಿದ್ದು ಸಾಲ್ದಾಗಿತ್ತು,” ಎಂದರು ಭಾವ.

ಆ ಸಂಜೆಯೇ ಅಕ್ಕ ಸಿಂಧನೂರಿಗೆ ಫೋನು ಮಾಡಿಸಿದಳು. “ತಾಯೀ, ನೀರು ತುಂಬ್ಸಿಡು ಕಣವ್ವ” ಎಂದಳು.

ಪ್ರಯಾಣದ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನನಗೆ ವಾಹನ ಓಡಿಸಲು ಬಾರದು. ಓಡಿಸಲು ಬಾರದವರು ಪಟ್ಟಿಯನ್ನು ಬಹಳ ಚೆನ್ನಾಗಿ ಮಾಡುತ್ತಾರೆ. ಪತ್ರಿಕೆಯ ಪುಟ ಕಟ್ಟುವವರ ಹಾಗೆ ದೊಡ್ಡ ಹಾಳೆಯಲ್ಲಿ ಗೆರೆ ಎಳೆದೆ. ಭಾವ ಎದುರಿಗೆ ಕೂತು ಹೇಳುತ್ತ ಹೋದರು.

“ನೋಡಪ್ಪ ಎಡಿಟ್ರೇ, ಫೋನಲ್ಲಿ ಮ್ಯಾಪು ಒಂದ್ ಗಂಟೆ ಅಂದ್ರೆ ನಮಗೆ ಒಂದೂಮುಕ್ಕಾಲು. ಮುಕ್ಕಾಲ್ ಗಂಟೆಗೊಂದ್ಸಲ ನಿಲ್ಸಿ ಚಕ್ರದ್ ನಡು ಭಾಗಕ್ಕೆ ಕೈ ಮುಟ್ಟಿಸ್ಬೇಕು. ಬಿಸಿಯಾಗಿದ್ರೆ ಬೇರಿಂಗ್ ಕೂಗ್ತಾ ಅದೆ ಅಂತ. ಬಿಸಿಲು ಏರಕ್ ಮುಂಚೆ ನಿಲ್ಬೇಕು, ಟೈರು ತಡಿಯಾಕಿಲ್ಲ. ನಿಲ್ಲೋ ಜಾಗ ಬೆಳಕಲ್ಲೇ ನೋಡ್ಬೇಕು. ಮುಂದಕ್ಕೇ ಹೋಗಿ ಆಚೆ ಬರೋ ಅಂಗಿರ್ಬೇಕು. ಇದುನ್ನ ರಿವರ್ಸ್ ಆಕೋದು ನಿಮ್ಮಕ್ಕನ ಮನಸ್ ತಿರುಗ್ಸಿದಂಗೆ. ಎಡಕ್ ತಿರುಗ್ಸಿದ್ರೆ ಬಲಕ್ ಓಯ್ತದೆ.”

ಅಕ್ಕನ ಹೊಟ್ಟೆಯ ಮಿತಿ ಎರಡು ಗಂಟೆ ಎಂದು ಪ್ರಯೋಗಗಳಿಂದ ತಿಳಿದಿತ್ತು. ಹಾಗಾಗಿ ದಿನಕ್ಕೆ ಎರಡು ಗಂಟೆಯ ಓಟ, ಅದಕ್ಕೆ ಮೇಲ್ಪಟ್ಟು ಒಂದು ನಿಮಿಷವೂ ಇಲ್ಲ. ಚನ್ನರಾಯಪಟ್ಟಣ, ತಿಪಟೂರು, ಹುಳಿಯಾರು, ಹಿರಿಯೂರು, ಚಳ್ಳಕೆರೆ, ರಾಂಪುರ, ಬಳ್ಳಾರಿ. ಎಂಟನೆಯ ದಿನ ಮಾತ್ರ ಎರಡೂವರೆ ಗಂಟೆ, ಅದಕ್ಕೇ ಬೆಳಗ್ಗೆ ಆರಕ್ಕೆ ಹೊರಡಬೇಕು. ಭಾವನ ಕಣ್ಣಿನ ಪರೀಕ್ಷೆಗೆ ಹಾಸನದಲ್ಲಿ ದಿನ ಗೊತ್ತಾಗಿದ್ದರಿಂದ ತಾಯಿಯ ಮನೆಯಲ್ಲಿ ಐದು ದಿನ, ಮತ್ತೆ ಎಂಟು ದಿನ ವಾಪಸು. ಹಾಳೆಯ ಕೊನೆಯ ಅಂಕಣದಲ್ಲಿ ‘ನಿಂಬೆ’ ಎಂದು ಬರೆದೆ. ಆ ದಿನ ಎಷ್ಟು ನಿಂಬೆಹಣ್ಣು ಬೇಕಾಯಿತು ಎಂದು ನಮೂದಿಸಲು. ಭಾವ ಹಾಳೆಯನ್ನು ದೂರ ಹಿಡಿದು ನೋಡಿ, “ಇದ್ರಲ್ಲಿ ನಿಮ್ಮಪ್ಪನ ಮಾತೇ ಇರೋದು. ಒಂದ್ ಗೆರೇಲಿ ಹೇಳಿದ್ನ ನೀನು ಇಷ್ಟುದ್ದ ಬರ್ದಿದ್ದೀಯ” ಎಂದರು.

ಹೊರಡುವ ದಿನ ಅಕ್ಕ ಅಟ್ಟದಿಂದ ಈ ಕೋಲನ್ನು ಇಳಿಸಿ ತಂದಳು. ಅಪ್ಪನ ಗಾಡಿ ಮಾರಿದಾಗ ಅವಳು ಕೇಳಿ ಪಡೆದದ್ದು ಇದೊಂದೇ.

“ಅದ್ಯಾಕೆ? ಕಬ್ಬಿಣದ ಕಾಲು ಮಾಡಿದ್ದೀನಲ್ಲ,” ಎಂದರು ಭಾವ.

“ಇರ್ಲಿ ಬುಡಿ. ಅದೇನ್ ಅನ್ನ ಕೇಳ್ತದಾ?”

ಚನ್ನರಾಯಪಟ್ಟಣದಲ್ಲಿ, ಮೊದಲ ದಿನವೇ, ಜೀಪಿನಿಂದ ಬಿಚ್ಚಿದ ಟ್ರೇಲರಿನ ಮೂತಿಗೆ ಆನಿಸಿದ್ದ ಕಬ್ಬಿಣದ ಕಾಲು ಮಡಚಿಕೊಂಡಿತು. ನಲವತ್ತು ವರ್ಷ ವೆಲ್ಡಿಂಗ್ ಮಾಡಿದ ಭಾವ ಅದನ್ನೇ ನೋಡುತ್ತ ನಿಂತರು. ಅಕ್ಕ ಕೋಲು ತಂದು ಕೊಟ್ಟಳು. ಕವಲು ಸರಿಯಾಗಿ ಕೂತಿತು, ಆದರೆ ಕೋಲು ಸ್ವಲ್ಪ ಉದ್ದ. ತುದಿ ಕುಯ್ಯುತ್ತೇನೆಂದು ಭಾವ ಗರಗಸ ತೆಗೆದರೆ ಅಕ್ಕ ಬಿಡಲಿಲ್ಲ. ಹೀಗಾಗಿ ಇಡೀ ಪ್ರಯಾಣದಲ್ಲಿ ನಮ್ಮ ಕೋಳಿಗೂಡು ತಲೆ ಎತ್ತಿಕೊಂಡೇ ನಿಂತಿತು. ಒಳಗೆ ಮಲಗಿದವರು ಬೆಳಗಾಗುವಷ್ಟರಲ್ಲಿ ಬಾಗಿಲಿನ ಹತ್ತಿರ ಜಾರಿ ಬಂದಿರುತ್ತಿದ್ದರು. ಹೊರಗೆ ಮಡಚುವ ಮಂಚದ ಮೇಲೆ ಮಲಗುತ್ತಿದ್ದ ನಾನು ಮಾತ್ರ ಸಮತಟ್ಟಾಗಿದ್ದೆ.

ಆ ಏಳು ದಿನಗಳನ್ನು ಹೇಗೆ ಹೇಳಲಿ? ಹೇಳುವಂಥದ್ದು ಏನೂ ನಡೆಯಲಿಲ್ಲ. ಬೆಳಗ್ಗೆ ಎರಡು ಗಂಟೆ ಹೋಗುತ್ತಿದ್ದೆವು. ಆಮೇಲೆ ಇಡೀ ದಿನ ಇರುತ್ತಿತ್ತು. ಸುದ್ದಿಮನೆಯಲ್ಲಿದ್ದಾಗ ನನಗೆ ಇಡೀ ದಿನ ಎಂಬುದು ಎಂದೂ ಸಿಕ್ಕಿರಲಿಲ್ಲ. ಅಕ್ಕ ಒಂದು ಊರಿನ ಹುಣಸೇಮರದಡಿ ಸೊಪ್ಪು ಬಿಡಿಸುತ್ತ, ಇನ್ನೊಂದು ಊರಿನ ಕೆರೆ ಏರಿಯ ಮೇಲೆ ಗುರುತಿಲ್ಲದವರ ಸೊಸೆಯ ದೂರು ಕೇಳುತ್ತ, ಅರವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ಲೋಕ ನೋಡುತ್ತಿದ್ದಳು. ಹಿರಿಯೂರು ದಾಟಿದ ಮೇಲೆ ಬಯಲು ಬಂತು. “ಮರವೇ ಇಲ್ವಲ್ಲೋ, ಇಲ್ಲಿ ಗಾಡಿ ಬುಡೋರು ಯಾವ್ದುನ್ನ ಗುರ್ತು ಏಳ್ತಾರೆ?” ಎಂದು ಕೇಳಿದಳು. ನಿಂಬೆಯ ಅಂಕಣದಲ್ಲಿ ಎಲ್ಲ ದಿನವೂ ಸೊನ್ನೆ. ದಿನಾ ನಿಂತ ಕೂಡಲೇ ಭಾವನ ಫೋನಿನಿಂದ ತಾಯಿಗೆ ಕರೆ. “ಉಳಿಯಾರಲ್ಲಿ ಇದ್ದೀವಿ ಕಣವ್ವ”, “ಚಳ್ಕೆರೇಲಿ ಇದ್ದೀವಿ”. ನಿಂತದ್ದು ಅಕ್ಕನ ಮಾತಿನ ಗೆಲುವಿನಲ್ಲೇ ಆ ಕಡೆಗೆ ಗೊತ್ತಾಗುತ್ತಿತ್ತು.

ಏಳನೆಯ ಬೆಳಗ್ಗೆ ಒಂಬತ್ತೂವರೆಗೆ ಬಳ್ಳಾರಿ ಮುಟ್ಟಿದೆವು. ಊರಾಚೆ ಪೆಟ್ರೋಲ್ ಬಂಕೊಂದರ ಪಕ್ಕ ಬೇವಿನ ನೆರಳು ಸಿಕ್ಕಿತು. ಭಾವ ಕೆಳಗಿಳಿದು ಚಕ್ರ ಮುಟ್ಟಿ ನೋಡಿದರು. ತಣ್ಣಗಿತ್ತು. ಅಕ್ಕ ಇಳಿಯಲಿಲ್ಲ.

“ಇನ್ನೆಷ್ಟ್ ದೂರ?”

“ಎರಡೂವರೆ ಗಂಟೆ. ನಾಳೆ ಬೆಳಗ್ಗೆ ಆರಕ್ಕೆ ಹೊರಟರೆ...”

“ಇವತ್ತೇ ಓಗ್ಬುಡಾನ ಕಣ್ಲಾ. ನಂಗೇನೂ ಆಗಿಲ್ಲ.”

ಭಾವ ನನ್ನ ಮುಖ ನೋಡಿದರು. ಅವರು ಸಿದ್ಧರಿದ್ದರು. ನಾನು ಹಾಳೆ ಬಿಚ್ಚಿದೆ. ಇವತ್ತಿನ ಎರಡು ಗಂಟೆ ಮುಗಿದಿದೆ. ಬಿಸಿಲು ಏರುತ್ತಿದೆ. ಮುಂದಿನದು ಭತ್ತದ ಲಾರಿಗಳು ಓಡಾಡುವ ರಸ್ತೆ. ಕೊನೆಯ ದಿನ ಹೊಟ್ಟೆ ಕೆಟ್ಟು, ತಂಗಿಯ ಮನೆಗೆ ಬಿಳಿಚಿಕೊಂಡು ಹೋಗುವುದೇ? ನಾನು ಹೇಳಿದ ಒಂದೊಂದು ಮಾತೂ ಸರಿಯಾಗಿತ್ತು. ಈಗ ಮತ್ತೆ ಓದಿದರೂ ತಿದ್ದುವಂಥದ್ದು ಕಾಣುವುದಿಲ್ಲ.

“ನೀನೇ ಸರಿ ಕಣಪ್ಪ,” ಎಂದಳು ಅಕ್ಕ. “ಯಾವತ್ತೂ ನೀನೇ ಸರಿ.”

ಇಳಿದು ಹೋಗಿ ಟ್ರೇಲರಿನೊಳಗೆ ಗೋಡೆಗೆ ಮುಖ ಮಾಡಿ ಮಲಗಿದಳು. ತಾಯಿಗೆ ಫೋನು ಮಾಡೆಂದರೆ, “ನೀನೇ ಮಾಡ್ಕ” ಎಂದಳು. ಅವಳ ದನಿಯಲ್ಲಿ ಹೇಳಬೇಕಾದದ್ದನ್ನು ನನ್ನ ದನಿಯಲ್ಲಿ ಹೇಳಲು ಮುಜುಗರವಾಗಿ ಒಂದು ಸಂದೇಶ ಕಳಿಸಿದೆ. ನಾನು ಪತ್ರಿಕೆಯ ಭಾಷೆಯವನು. ಆದರೆ ಅಪ್ಪನ ಕೋಲು ಎದುರಿಗೆ ನಿಂತಿತ್ತು. ಅವನ ಮಾತೇ ಕೈಗೆ ಬಂತು.

‘ಬಳ್ಳಾರಿಯಲ್ಲಿ ಗಾಡಿ ಬಿಟ್ಟೆವು. ಎಲ್ಲರೂ ಕ್ಷೇಮ.’

ಪೆನ್ನು ನಿಲ್ಲಿಸಲಿಲ್ಲ. ಫೋನಿನಲ್ಲಿ ಪೆನ್ನೇ ಇರಲಿಲ್ಲ.

ಸಂಜೆ ಆರಕ್ಕೆ ತಾಯಿಯ ಕರೆ ಬಂತು.

“ಅಣ್ಣ, ಎಲ್ಲದೀರಿ? ರಸ್ತೆದಾಗ ಏನಾರ ಆತೇನು?”

“ಬಳ್ಳಾರೀಲಿ. ಬೆಳಗ್ಗೆಯೇ ಹೇಳಿದೆನಲ್ಲ, ಗಾಡಿ ಬಿಟ್ಟೆವು ಅಂತ.”

“ಬಿಟ್ಟಿವಿ ಅಂದ್ರ ಹೊಂಟೀರಿ ಅಂತ ತಿಳಿದ್ನಲ್ಲಣ್ಣ.”

ನಲವತ್ತು ವರ್ಷ ಅವಳಿದ್ದ ಸೀಮೆಯಲ್ಲಿ ಗಾಡಿ ಬಂಡಿಯಾಗಿತ್ತು. ಬಂಡಿ ನಿಲ್ಲಿಸಿ ಎತ್ತು ಬಿಚ್ಚುವುದಕ್ಕೆ ಅಲ್ಲಿ ಕೊಳ್ಳ ಹರಿಯುವುದು ಎನ್ನುತ್ತಾರೆ. ಬಿಡುವುದೆಂದರೆ ಬಸ್ಸು ಬಿಡುವುದೇ. ಅಪ್ಪನ ಗಾಡಿಯ ಹಿಂದೆ ಕಾಲು ಇಳಿಬಿಟ್ಟು ಕೂತಿದ್ದವಳ ಕಿವಿಯಿಂದ ಅಪ್ಪನ ಮಾತು ಯಾವಾಗ ಇಳಿದುಹೋಯಿತೋ ಅವಳಿಗೂ ಗೊತ್ತಿರಲಿಲ್ಲ. ಹತ್ತಕ್ಕೆ ಬಿಟ್ಟರೆ ಒಂದು ಗಂಟೆಗೆ ಬರುತ್ತಾರೆಂದು ಲೆಕ್ಕ ಹಾಕಿ, ತರಿಸಿಟ್ಟಿದ್ದ ರಾಗಿಹಿಟ್ಟಿನಲ್ಲಿ ಮುದ್ದೆ ಮಾಡಿದ್ದಳು. ಆ ಉಕ್ಕಿನ ಸ್ಟ್ಯಾಂಡು ಹಿಡಿದು, ಮನೆಯಿಂದ ಕಾಲುವೆಯ ಸೇತುವೆಯವರೆಗೆ ನಡೆದು ಬಂದು, ಒಂದು ಚೊಂಬು ನೀರು ಪಕ್ಕದಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಮಧ್ಯಾಹ್ನದಿಂದ ಸಂಜೆಯವರೆಗೆ. ವಾಹನ ಓಡಿಸುವವರಿಗೆ ಫೋನು ಮಾಡಬಾರದೆಂದು ಮಾಡಿರಲಿಲ್ಲ.

“ನೀರು ಬಿಸಿ ಆತು ನೋಡು,” ಎಂದಳು. “ಮುದ್ದಿ ತಣ್ಣಗಾತು.”

ಫೋನು ಅಕ್ಕನ ಕೈಗೆ ಕೊಟ್ಟು ನಾನು ಬಂಕಿನ ಕಡೆ ನಡೆದೆ.

ಮಾರನೆಯ ದಿನ ಎಂಟೂಮುಕ್ಕಾಲಿಗೆ ಕಾಲುವೆಯ ಸೇತುವೆ ಕಂಡಿತು. ಕಟ್ಟೆಯ ಮೇಲೆ ತಾಯಿ. ಪಕ್ಕದಲ್ಲಿ ಅದೇ ಚೊಂಬು. ಭಾವ ಜೀಪು ನಿಲ್ಲಿಸುವ ಮೊದಲೇ ಅಕ್ಕ ಬಾಗಿಲು ತೆಗೆದಳು. ಇಬ್ಬರೂ ಅಪ್ಪಿಕೊಳ್ಳಲಿಲ್ಲ; ನಮ್ಮ ಕಡೆ ಅದು ರೂಢಿಯಿಲ್ಲ. ಅಕ್ಕ ಚೊಂಬು ಎತ್ತಿ ನಿಂತ ನಿಲುವಿನಲ್ಲೇ ಗಟಗಟ ಕುಡಿದಳು. ಕುತ್ತಿಗೆ, ಸೆರಗು ಎಲ್ಲ ಒದ್ದೆಯಾಯಿತು.

“ಸಪ್ಪಗದೆ ಕಣೇ ನಿಮ್ಮೂರ್ ನೀರು,” ಎಂದಳು.

“ನಲವತ್ತು ವರ್ಷ ಇಟ್ರ ಸಪ್ಪಗಾಗದ ಏನಾಗ್ತೈತಿ?” ಎಂದಳು ತಾಯಿ.

ಆ ಐದು ದಿನ ಅವರು ಆಡಿದ ಮಾತು ನನಗೆ ಗೊತ್ತಿಲ್ಲ. ವರದಿಗಾರರಿಗೆ ಪ್ರವೇಶವಿರಲಿಲ್ಲ. ಹಗಲೆಲ್ಲ ಟ್ರೇಲರಿನ ಹಿಂಬಾಗಿಲಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿರುತ್ತಿದ್ದರು. ಹೊರಡುವ ಬೆಳಗ್ಗೆ ಅಕ್ಕ ಊರಿನಿಂದ ತಂದಿದ್ದ ಅಕ್ಕಿ, ಬೆಲ್ಲ, ಕೊಬ್ಬರಿಯಲ್ಲಿ ತಂಗಿಯ ಮಡಿಲು ತುಂಬಿದಳು. ತಾಯಿ ಸೆರಗು ಕಟ್ಟಿಕೊಂಡು ನನ್ನ ಕಡೆ ತಿರುಗಿದಳು.

“ಅಣ್ಣ, ಬಳ್ಳಾರಿದು ಒಂದಿನ ಬಾಕಿ ಉಳದೈತಿ. ನಿನ್ನ ಹಾಳ್ಯಾಗ ಬರಕೊ.”

ನಕ್ಕೆವು. ನಾನು ಬರೆದುಕೊಳ್ಳಲಿಲ್ಲ.

ಹಾಸನದ ಕಣ್ಣಿನ ಡಾಕ್ಟರು ಭಾವನ ಕಣ್ಣನ್ನು ಬಹಳ ಹೊತ್ತು ನೋಡಿದರು. ಎಡಗಣ್ಣಿನ ನರ ಒಣಗುತ್ತಿದೆ, ಪಕ್ಕದಿಂದ ಬರುವುದು ನಿಮಗೆ ಕಾಣುವುದಿಲ್ಲ, ಇನ್ನು ಸ್ಟೀರಿಂಗ್ ಹಿಡಿಯಬೇಡಿ ಎಂದರು. ಭಾವ ಜೀಪಿನ ಕೀಲಿಯನ್ನು ಅಲ್ಲೇ ನನ್ನ ಕೈಗೆ ಕೊಟ್ಟರು. ಓಡಿಸಲು ಬಾರದವನ ಕೈಗೆ. ಅರವತ್ತೆರಡಕ್ಕೆ ನಾನೂ ಕಲಿಯಲು ಹೋದೆ. ಕಲಿಸುವವನು ಎರಡು ವಾರ ನೋಡಿ, “ಸಾ, ನೀವು ರೋಡ್ ಓದ್ತೀರಿ, ನೋಡಲ್ಲ” ಎಂದ. ಬಾಡಿಗೆ ಡ್ರೈವರನ್ನು ಇಟ್ಟೂ ನೋಡಿದೆವು. ಒಳ್ಳೆಯ ಹುಡುಗ. ಆದರೆ ಹಿಂದೆ ಮನೆಯಿದ್ದರೂ ಅವನು ಅರವತ್ತರಲ್ಲೇ ಓಡಿಸಿದ. ಚನ್ನರಾಯಪಟ್ಟಣ ಇನ್ನೂ ಹತ್ತು ಕಿಲೋಮೀಟರು ಇರುವಾಗ ಅಕ್ಕ ಗಾಡಿ ನಿಲ್ಲಿಸಲು ಹೇಳಿ ರಸ್ತೆಯ ಪಕ್ಕ ಕುಕ್ಕರಿಸಿದಳು. ಬೆನ್ನು ನೀವಲು ತಾಯಿ ಇರಲಿಲ್ಲ. ನನಗೆ ಸರಿಯಾಗಿ ನೀವಲು ಬರಲಿಲ್ಲ. ಅಲ್ಲಿಂದಲೇ ವಾಪಸು ಬಂದೆವು.

ಈಗ ಜೀಪು ಮತ್ತು ಟ್ರೇಲರು ಹೊಳೆನರಸೀಪುರದಲ್ಲಿ ಭಾವನ ಹಳೆಯ ಶಾಪಿನ ಮುಂದೆ ನಿಂತಿವೆ. ಬಿಚ್ಚಿಡಬೇಕು, ಕಟ್ಟಿಯೇ ಇಟ್ಟರೆ ಜೀಪಿನ ಸ್ಪ್ರಿಂಗ್ ಪಟ್ಟಿಗಳ ಮೇಲೆ ಭಾರ ಬೀಳುತ್ತದೆ ಎನ್ನುವುದು ಭಾವನ ವಾದ. ಅಕ್ಕ ಒಪ್ಪಲಿಲ್ಲ. ವಾದ ಜೋರಾದ ದಿನ ನಾನು ಅಲ್ಲೇ ಇದ್ದೆ. ಭಾವ ಕೋಲನ್ನು ಮೂತಿಗೆ ಕೊಟ್ಟು ಕೊಂಡಿ ಕಳಚಲು ಬಗ್ಗಿದರು. ಅಕ್ಕ ಬಂದು ಕೋಲನ್ನು ಕಿತ್ತುಕೊಂಡು ನನ್ನ ಕೈಯಲ್ಲಿಟ್ಟಳು.

“ಇದು ಇಲ್ಲಿದ್ರೆ ಇವ್ರು ಗಾಡಿ ಬುಟ್ಬುಡ್ತಾರೆ. ನೀನು ಆಸನುಕ್ ತಗಂಡೋಗು.”

“ಅಕ್ಕ, ಓಡಿಸೋರು ಯಾರು?”

“ಕಟ್ಟಿರ್ಲಿ ಕಣ್ಲಾ,” ಎಂದಳು. “ಕಟ್ಟಿದ್ ಗಾಡಿ ಒಂದಲ್ಲಾ ಒಂದಿನ ಓಯ್ತದೆ. ಬುಟ್ಟಿದ್ದು ಅಂಗೇ ಉಳ್ಕತದೆ.”

ಬಸ್ಸಿನಲ್ಲಿ ಕಂಡಕ್ಟರು ಕೋಲನ್ನು ನೋಡಿ ಏನೋ ಕೇಳಿದರು. ಏನು ಹೇಳಿದೆನೋ ನೆನಪಿಲ್ಲ.

ತಾಯಿ ವಾರಕ್ಕೊಮ್ಮೆ ಅಕ್ಕನಿಗೆ ಫೋನು ಮಾಡುತ್ತಾಳೆ. ಈಗ ವಿಡಿಯೋ ಕರೆ, ಮುಖ ಕಾಣುತ್ತದೆ. ಅಕ್ಕ ಅದನ್ನು ಟ್ರೇಲರಿನ ಹಿಂಬಾಗಿಲಲ್ಲಿ ಕಾಲು ಇಳಿಬಿಟ್ಟುಕೊಂಡೇ ಮಾತಾಡುತ್ತಾಳಂತೆ. ಪ್ರಯಾಣದ ಆ ಹಾಳೆ ನನ್ನ ಮೇಜಿನ ಡ್ರಾಯರಿನಲ್ಲಿದೆ. ಈಚೆಗೆ ಒಂದು ದಿನ ತೆಗೆದು ‘ಬಳ್ಳಾರಿ’ ಎಂಬ ಸಾಲಿನ ಮುಂದೆ ‘ಒಂದು ದಿನ ಉಳಿದಿದೆ’ ಎಂದು ಬರೆದೆ. ತಿದ್ದುಪಡಿ ತಡವಾಗಿ ಬಂದರೂ ಹಾಕಬೇಕೆಂಬುದು ಸುದ್ದಿಮನೆಯ ನಿಯಮ.

ಇವತ್ತು ಬೆಳಗ್ಗೆ ಸಾಕಮ್ಮ ಕೋಲು ಎತ್ತಿ ಆಚೆ ಇಟ್ಟಿದ್ದ ಹೊತ್ತಿಗೇ ಅಕ್ಕನ ಕರೆ ಬಂತು. ಮಳೆ, ಮೊಣಕಾಲು, ಭಾವನ ಕಣ್ಣಿನ ಹನಿಯೌಷಧ ಎಲ್ಲ ಆದ ಮೇಲೆ, ಇಡುವ ಮುಂಚೆ, ಪ್ರತಿ ಸಲದ ಹಾಗೆ ಕೇಳಿದಳು.

“ಆ ಕೋಲು ನಿನ್ತಾವೇ ಅದಾ?”

“ಅದೆ ಅಕ್ಕ. ತರಲಾ?”

“ಬ್ಯಾಡ. ಅಲ್ಲೇ ಇರ್ಲಿ.”

ಒಳಗೆ ತರುತ್ತಿದ್ದ ಸಾಕಮ್ಮನ ಕೈಯಿಂದ ತೆಗೆದುಕೊಂಡು ನಾನೇ ಅದನ್ನು ಬಾಗಿಲ ಹಿಂದೆ ನಿಲ್ಲಿಸಿದೆ.